ಗಿಣಿ ಯಾವ ಕೋರ್ಟಿಗೆ ಸೇರಿದ್ದು

ಕಪ್ಪು ಕೋಟಿನ ಹುಡುಗಿಯೊಬ್ಬಳು ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನಾನು ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸುತ್ತಿದ್ದೆ. ಮೊಣಕೈವರೆಗೂ ಉಪ್ಪುನೀರು. ಆಹಾರ ಇಲಾಖೆಯವರಿರಬೇಕು ಅಂದುಕೊಂಡು, "ಬನ್ನಿ, ಚಪ್ಪಲಿ ಮಾತ್ರ ಆಚೆ ಬಿಡಿ" ಎಂದೆ. ಆಕೆಯ ಹಿಂದೆ ಇಸ್ತ್ರಿ ಮಾಡಿದ ಅಂಗಿಯವನೊಬ್ಬ, ಅವನ ಹಿಂದೆ ನಮ್ಮೂರ ಠಾಣೆಯ ಕಾನ್‌ಸ್ಟೇಬಲ್. ಕಾನ್‌ಸ್ಟೇಬಲ್ ನನಗೆ ಗುರುತಿನವನು. ಅವತ್ತು ನನ್ನ ಮುಖ ನೋಡದೆ ಗೋಡೆ ನೋಡುತ್ತಾ ಹೇಳಿದ.

"ಅಣ್ಣಾ, ಕೋರ್ಟ್ ಆರ್ಡರ್ ಐತೆ. ನಿಮ್ಮ ಮಾಲಿಗೆ ಸೀಲ್ ಹಾಕ್ಬೇಕಂತೆ."

"ಯಾವ ಕೋರ್ಟು? ಇಲ್ಲಿದಾ, ಕೋಲಾರದ್ದಾ?"

"ದಿಲ್ಲೀದು ಕಣಣ್ಣಾ."

ನಾನು ನಕ್ಕುಬಿಟ್ಟೆ. ಶ್ರೀನಿವಾಸಪುರದ ಹೊರಗಿನ ಒಂದು ತಗಡಿನ ಶೆಡ್ಡು, ಮಾವಿನ ಕಾಲದಲ್ಲಿ ಮೂರ್ನಾಲ್ಕು ಹೆಂಗಸರು ಕಾಯಿ ಹೆಚ್ಚುವ ಜಾಗ. ಅದಕ್ಕೂ ದಿಲ್ಲಿಗೂ ಏನು ಸಂಬಂಧ? ಆದರೆ ಆ ಹುಡುಗಿ ನಗಲಿಲ್ಲ. ಕಾಗದದ ಕಟ್ಟೊಂದನ್ನು ನನ್ನ ಕೈಗೆ ಕೊಡಲು ಬಂದವಳು, ಕೈ ಒದ್ದೆಯಿರುವುದನ್ನು ನೋಡಿ ಮೇಜಿನ ಮೇಲಿಟ್ಟಳು. ಮೊದಲ ಹಾಳೆಯಲ್ಲಿ ನನ್ನ ಹೆಸರಿತ್ತು, ತಂದೆಯ ಹೆಸರಿತ್ತು. ಎರಡನೆಯ ಹಾಳೆಯಲ್ಲಿ ಎರಡು ಗಿಣಿಗಳ ಚಿತ್ರ ಪಕ್ಕಪಕ್ಕದಲ್ಲಿತ್ತು. ಒಂದು ನಾನು ಅಂಗಡಿಗಳಲ್ಲಿ ನೋಡಿದ್ದ ದೊಡ್ಡ ಕಂಪನಿಯೊಂದರ ಗಿಣಿ. ಇನ್ನೊಂದು ನನ್ನ ಹೆಂಡತಿ ಬರೆದದ್ದು.

ಆಕೆ ತೀರಿಕೊಂಡು ಆಗ ಮೂರು ವರ್ಷ.

ನಾನು ಮುಳಬಾಗಿಲಿನವನು. ನಮ್ಮ ಮನೆಯಲ್ಲಿ ಎಲ್ಲರೂ ಒಂದೋ ಪೂಜೆ ಮಾಡುತ್ತಿದ್ದರು, ಇಲ್ಲವೇ ಯಾರದೋ ಕಚೇರಿಯಲ್ಲಿ ಕಾಗದ ಬರೆಯುತ್ತಿದ್ದರು. ನಾನೂ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾದದ್ದು ಶ್ರೀನಿವಾಸಪುರದ ಹೆಣ್ಣನ್ನು. ನಮಗೆ ಮಕ್ಕಳಾಗಲಿಲ್ಲ. ಒಂದು ಬೇಸಿಗೆಯಲ್ಲಿ ಆಕೆ ತವರಿನಿಂದ ಒಂದು ಮೂಟೆ ಗಿಣಿಮೂತಿ ಮಾವಿನಕಾಯಿ ತರಿಸಿ ತೊಕ್ಕು ಮಾಡಿದಳು. ಬೀದಿಯವರೆಲ್ಲ ಕೇಳಿಕೊಂಡು ಬಂದರು. ಎರಡು ವರ್ಷಕ್ಕೆ ನಾನು ಸಂಘದ ಕೆಲಸ ಬಿಟ್ಟೆ, ಇಬ್ಬರೂ ಶ್ರೀನಿವಾಸಪುರಕ್ಕೆ ಬಂದು ಆಕೆಯ ಅಪ್ಪನ ಜಾಗದಲ್ಲಿ ಶೆಡ್ಡು ಹಾಕಿದೆವು. ರುಚಿ ಆಕೆಯದು, ಲೈಸೆನ್ಸು ಓಡಾಟ ನನ್ನದು. ಬಾಟಲಿಗೆ ಲೇಬಲ್ ಬೇಕಾದಾಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆಕೆಯೇ ಚಿತ್ರ ಬರೆದಳು. ಮಾವಿನಕಾಯಿಯ ಮೇಲೆ ಕೂತ ಗಿಣಿ, ಕತ್ತು ಹಿಂದಕ್ಕೆ ತಿರುಗಿಸಿ ನೋಡುತ್ತಿದೆ. ದೊಡ್ಡ ಕಂಪನಿಯ ಡಬ್ಬಿಯಲ್ಲೂ ಗಿಣಿ ಇದೆಯಲ್ಲ ಎಂದು ನಾನು ಅವತ್ತೇ ಅಂದಿದ್ದೆ.

"ಗಿಣಿಮೂತಿ ಕಾಯಿಗೆ ಗಿಣಿ ಹಾಕ್ದೆ ಕಾಗೆ ಹಾಕ್ಲಾ?" ಎಂದಳು. ಮಾತು ಅಲ್ಲಿಗೇ ಮುಗಿಯಿತು.

ಕಾಮಾಲೆ ಬಂದು ಹನ್ನೊಂದೇ ದಿನದಲ್ಲಿ ಹೋದಳು. ಶೆಡ್ಡು ಮುಚ್ಚಿ ಮುಳಬಾಗಿಲಿಗೆ ಬಾ ಎಂದು ನನ್ನ ತಮ್ಮ ಎಷ್ಟೋ ಹೇಳಿದ. ನಾನು ಹೋಗಲಿಲ್ಲ. ಬೆಳಿಗ್ಗೆ ಎದ್ದು ಕಾಯಿಗೆ ಉಪ್ಪು ಹಾಕುವ ಕೆಲಸವಿದ್ದರೆ ಆ ದಿನ ಹೇಗೋ ಸಾಗುತ್ತಿತ್ತು.

ಕಪ್ಪು ಕೋಟಿನ ಹುಡುಗಿ ಕಂಪನಿಯ ವಕೀಲೆಯಲ್ಲ, ಕೋರ್ಟೇ ನೇಮಿಸಿ ಕಳಿಸಿದ ಕಮಿಷನರ್ ಎಂದು ಆಮೇಲೆ ತಿಳಿಯಿತು; ಕಂಪನಿಯ ಕಡೆಯವನು ಇಸ್ತ್ರಿ ಅಂಗಿಯವನು. ಒರಟು ಮಾತಾಡಲಿಲ್ಲ. ಗಿಣಿ ಇದ್ದ ಬಾಟಲಿಗಳನ್ನೂ ಲೇಬಲ್ಲಿನ ಕಟ್ಟುಗಳನ್ನೂ ಒಂದೊಂದಾಗಿ ಪಟ್ಟಿ ಮಾಡಿಸಿ, ಒಳಕೋಣೆಗೆ ಹಾಕಿಸಿ, ಬೀಗದ ಮೇಲೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದಳು. ಮಾಲು ಇರುವುದು ನನ್ನ ಮನೆಯಲ್ಲೇ, ಆದರೆ ಅದನ್ನು ಮುಟ್ಟಿದರೆ ಜೈಲು. ಹಾಗೆಂದು ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ. ಕಾಯಿ ಹೆಚ್ಚುವ ಹೆಂಗಸರಲ್ಲಿ ಹಿರಿಯಳು, ಆಂಧ್ರ ಗಡಿಯ ಕಡೆಯವಳು, ಈಳಿಗೆಮಣೆಯ ಮುಂದಿನಿಂದ ಎದ್ದು ಬಂದು ಕಾನ್‌ಸ್ಟೇಬಲ್ಲನನ್ನು ಹಿಡಿದು ನಿಲ್ಲಿಸಿದಳು.

"ಏನ್ಲಾ, ನಾವೇನ್ ಕಳ್ತನ ಮಾಡಿದ್ವಾ? ಅಕ್ಕ ಬರ್ದಿದ್ ಗಿಣಿ ಅದು. ನಾನ್ ಎದ್ರುಗೇ ಕೂತಿದ್ದೆ."

"ಅದ್ನ ದಿಲ್ಲೀಗೋಗಿ ಹೇಳಕ್ಕಾ," ಎಂದ ಅವನು. ವ್ಯಂಗ್ಯಕ್ಕೆ ಹೇಳಿದ್ದಲ್ಲ.

ಮರುದಿನ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋದೆ. ನನಗೆ ಗೊತ್ತಿದ್ದ ಒಬ್ಬರೇ ವಕೀಲರು ಅಲ್ಲಿದ್ದರು. ನಮ್ಮ ಮಾವನ ಜಮೀನಿನ ಅಳತೆ, ಪೋಡಿಯ ಜಗಳ ನಡೆಸಿದ್ದವರು. "ಟ್ರೇಡ್‌ಮಾರ್ಕ್ ಕೇಸು ನಾನು ಜೀವಮಾನದಲ್ಲಿ ಒಂದೂ ನಡೆಸಿಲ್ಲ ಸ್ವಾಮಿ" ಎಂದು ಮೊದಲೇ ಹೇಳಿದರು. ಆದರೂ ಕಾಗದಗಳನ್ನು ಇಟ್ಟುಕೊಂಡು ಎರಡು ದಿನ ಓದಿದರು. ಮೂರನೆಯ ದಿನ ಅವರೇ ಫೋನು ಮಾಡಿದರು.

"ಗಿಣಿ ಯಾರದು ಅನ್ನೋದು ಆಮೇಲಿನ ಮಾತು. ಮೊದಲು ಇದು ಹೇಳಿ. ನೀವು ದೆಹಲೀಲಿ ಮಾಲು ಮಾರ್ತೀರಾ?"

"ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಹೆಚ್ಚೆಂದರೆ ಬೆಂಗಳೂರು."

"ಒಂದು ಸಲಾನೂ ಇಲ್ವಾ? ಇಲ್ಲಿ ಒಂದು ಬಿಲ್ಲು ಹಾಕಿದಾರೆ. ಎರಡು ಬಾಟಲಿ, ಆನ್‌ಲೈನಲ್ಲಿ ಆರ್ಡರ್ ಮಾಡಿದ್ದು."

ಆಗ ನೆನಪಾಯಿತು. ಆಕೆ ಇದ್ದಾಗಲೇ ಒಂದು ಆನ್‌ಲೈನ್ ಅಂಗಡಿಯಲ್ಲಿ ನಮ್ಮ ತೊಕ್ಕಿನ ಪಟ್ಟಿ ಹಾಕಿದ್ದೆವು. ಆಕೆ ಹೋದ ಮೇಲೆ, ಅಷ್ಟು ದೂರದಿಂದ ಬಂದ ಮೊದಲ ಆರ್ಡರು ಅದು. ಎಂಥ ಖುಷಿಯಾಗಿತ್ತು ನನಗೆ! ಬಾಟಲಿಗಳಿಗೆ ಎರಡು ಸುತ್ತು ಹೆಚ್ಚಿಗೆ ಕಾಗದ ಸುತ್ತಿ, ಪ್ರತಿ ಪಾರ್ಸೆಲ್ಲಿನಲ್ಲೂ ಒಂದು ಚೀಟಿ ಇಡುವ ಆಕೆಯ ಪದ್ಧತಿಯನ್ನು ಬಿಡದೆ, ನನಗೆ ಬರುವ ಇಂಗ್ಲಿಷಿನಲ್ಲಿ ವಂದನೆ ಬರೆದಿದ್ದೆ. ಇಷ್ಟವಾದರೆ ಮತ್ತೆ ತರಿಸಿಕೊಳ್ಳಿ ಎಂದು. ಮರುದಿನ ಕೋಲಾರಕ್ಕೆ ಹೋದಾಗ ವಕೀಲರು ಹಾಳೆ ತಿರುಗಿಸಿ ತೋರಿಸಿದರು. ಆ ಚೀಟಿಯ ಫೋಟೋ ಅಲ್ಲಿತ್ತು, ಮೂಲೆಯಲ್ಲಿ ದಾಖಲೆಯ ಸಂಖ್ಯೆ ಸಮೇತ. ತರಿಸಿಕೊಂಡವನು ಕಂಪನಿಯ ಕಡೆಯವನೇ. ತೊಕ್ಕು ತಿನ್ನಲಿಕ್ಕಲ್ಲ, ದಾವೆ ಹಾಕಲಿಕ್ಕೆ ತರಿಸಿಕೊಂಡದ್ದು. ನನ್ನ ಅಕ್ಷರ ನೋಡಿ ನನಗೇ ನಾಚಿಕೆಯಾಯಿತು.

ಅದೇ ನಮಗೆ ಅನುಕೂಲ ಎಂದರು ವಕೀಲರು. ದಾವೆ ಹೂಡುವುದಕ್ಕೆಂದೇ ಮಾಡಿಸಿದ ಒಂದು ಖರೀದಿಯಿಂದ ಆ ಊರಿನ ಕೋರ್ಟಿಗೆ ಅಧಿಕಾರ ಹುಟ್ಟುವುದಿಲ್ಲ ಎಂದು ಹಿಂದೆಯೇ ತೀರ್ಪುಗಳಾಗಿವೆಯಂತೆ. ಇನ್ನೊಂದು ತೀರ್ಪಿನ ಪ್ರಕಾರ, ಕಂಪನಿಗೆ ನಮ್ಮ ಕಡೆಯೇ ಶಾಖೆ ಇದ್ದು, ನನ್ನ ವ್ಯಾಪಾರವೂ ಇಲ್ಲೇ ಇದ್ದರೆ, ಅವರು ಇಲ್ಲಿಗೇ ಬಂದು ಕೇಳಬೇಕೇ ಹೊರತು ನನ್ನನ್ನು ಅಲ್ಲಿಗೆ ಎಳೆಯುವಂತಿಲ್ಲ. "ಆದ್ರೆ ಈ ಮಾತನ್ನ ಇಲ್ಲಿ ಕೂತು ಹೇಳೋಕಾಗಲ್ಲ. ನಿಮಗೆ ನಮ್ಮ ಮೇಲೆ ಅಧಿಕಾರ ಇಲ್ಲ ಅಂತ ಅವರ ಎದುರಿಗೇ ಹೋಗಿ ಹೇಳಬೇಕು" ಎಂದು ನಕ್ಕರು. ಪರಿಚಯದವರ ಮೂಲಕ ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ವಕೀಲನನ್ನು ಗೊತ್ತು ಮಾಡಿಕೊಟ್ಟರು.

ಖುದ್ದು ಬರಬೇಕೆಂದು ಕೋರ್ಟು ಹೇಳಿದ ತಾರೀಕಿಗೆ ನಾನು ದೆಹಲಿಗೆ ಹೋದೆ. ಬೆಂಗಳೂರಿನಿಂದ ರೈಲು. ಬಟ್ಟೆಗಂಟಿನ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಚಪಾತಿ, ಇನ್ನೊಂದರಲ್ಲಿ ತೊಕ್ಕು. ಎದುರು ಸೀಟಿನಲ್ಲಿ ಕೂತ ಕುಟುಂಬ ನಾಗಪುರದವರೆಗೂ ಮಾತಾಡುತ್ತಾ ಇತ್ತು. ಅವರು ಇಳಿದ ಮೇಲೆ ನಾನು ಯಾರೊಂದಿಗೂ ಮಾತಾಡಿದ ನೆನಪಿಲ್ಲ. ನನ್ನ ಹಿಂದಿ ಚಹಾ ಕೇಳುವಷ್ಟು. ಚಳಿ ಹೇಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳಲು ಯಾರಿದ್ದರು? ಆಕೆ ಇದ್ದಿದ್ದರೆ ಯಾರನ್ನಾದರೂ ಕೇಳಿ ತಿಳಿದುಕೊಂಡು ಸ್ವೆಟರು ತುಂಬಿರುತ್ತಿದ್ದಳು. ನಿಲ್ದಾಣದ ಹೊರಗೆ ರಸ್ತೆ ಬದಿಯಲ್ಲಿ ಒಂದು ಶಾಲು ಕೊಂಡು ಹೊದ್ದುಕೊಂಡೆ.

ಕೋರ್ಟಿನ ಕಾರಿಡಾರಿನಲ್ಲಿ ಬೆಳಿಗ್ಗೆ ಹತ್ತರಿಂದ ಕೂತಿದ್ದೆ. ಬಾಗಿಲ ಹೊರಗೆ ಪರದೆಯ ಮೇಲೆ ಅಂಕಿಗಳು ಬದಲಾಗುತ್ತಿದ್ದವು. ನನ್ನದು ಯಾವುದೋ ಗೊತ್ತಿದ್ದರೂ ಪ್ರತಿ ಅಂಕಿಗೂ ಎದ್ದು ನಿಲ್ಲುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಸರದಾರರು ಏನೋ ಕೇಳಿದರು. ಅರ್ಥವಾಗಲಿಲ್ಲ. ನಾನು "ಅಚಾರ್" ಎಂದೆ. ಅವರು ತಲೆಯಾಡಿಸಿ ತಮ್ಮ ಎದೆ ಮುಟ್ಟಿಕೊಂಡು "ಪಂಪ್" ಎಂದರು. ನೀರೆತ್ತುವ ಪಂಪಿರಬೇಕು. ಇಷ್ಟೇ ನಮ್ಮ ಮಾತು. ಆದರೆ ಮಧ್ಯಾಹ್ನ ಅವರು ಎದ್ದು ಹೋದಾಗ ಬೆಂಚು ತೀರಾ ಉದ್ದವಾಯಿತು ಅನಿಸಿತು.

ನನ್ನ ಸರದಿ ಬಂದದ್ದು ಮೂರು ಗಂಟೆಯ ಮೇಲೆ. ಏಳೆಂಟು ನಿಮಿಷ ಎರಡು ಕಡೆಯ ವಕೀಲರು ಇಂಗ್ಲಿಷಿನಲ್ಲಿ ವೇಗವಾಗಿ ಮಾತಾಡಿದರು. ನ್ಯಾಯಾಧೀಶರು ಒಮ್ಮೆ ನನ್ನ ಕಡೆ ನೋಡಿದರು. ನಾನು ಕೈ ಮುಗಿದೆ. ಅವರೇನಾದರೂ ಕೇಳಿದರೆ ಹೇಳಲೆಂದು ರೈಲಿನಲ್ಲಿ ಎರಡು ವಾಕ್ಯ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ, ಈ ಗಿಣಿಯನ್ನು ನನ್ನ ಹೆಂಡತಿ ಬರೆದಳು ಎಂದು. ಯಾರೂ ಕೇಳಲಿಲ್ಲ. ಕೇಸು ಮುಂದಕ್ಕೆ ಹೋಯಿತು. ಇನ್ನು ನೀವು ಬರಬೇಕಾಗಿಲ್ಲ, ವಿಡಿಯೋದಲ್ಲಿ ನೋಡಿದರೆ ಸಾಕು ಎಂದು ನಮ್ಮ ವಕೀಲ ನನ್ನ ಬೆನ್ನು ತಟ್ಟಿ ಇನ್ನೊಂದು ಕೋಣೆಗೆ ಓಡಿದ.

ಆಮೇಲೆ ಒಂದೂವರೆ ವರ್ಷ ಆ ಕೋರ್ಟನ್ನು ಶೆಡ್ಡಿನಲ್ಲೇ ಕೂತು ಫೋನಿನಲ್ಲಿ ನೋಡಿದೆ. ಉಪ್ಪಿನ ಡ್ರಮ್ಮಿಗೆ ಫೋನು ಒರಗಿಸಿಟ್ಟು, ತೊಳೆದ ಅಂಗಿ ಹಾಕಿಕೊಂಡು ಅದರ ಮುಂದೆ ಕೂರುತ್ತಿದ್ದೆ. ಪುಟ್ಟ ಪುಟ್ಟ ಚೌಕಗಳಲ್ಲಿ ಯಾರುಯಾರೋ ಮುಖಗಳು. ನನ್ನ ಚೌಕದಲ್ಲಿ ನಾನು, ನನ್ನ ಹಿಂದೆ ಮುದ್ರೆಯೊತ್ತಿದ ಬಾಗಿಲು. ಮಾಲೂ ಲೇಬಲ್ಲೂ ಬೀಗದೊಳಗೇ ಇದ್ದು ಕೆಲಸ ನಿಂತಿತ್ತು. ಹೆಂಗಸರಲ್ಲಿ ಇಬ್ಬರು ಮಾಲೂರಿನ ಕಾರ್ಖಾನೆಯೊಂದಕ್ಕೆ ಸೇರಿಕೊಂಡರು. ಹಿರಿಯಳು ಮಾವಿನ ಮಂಡಿಗೆ ಹಣ್ಣು ವಿಂಗಡಿಸಲು ಹೋಗುತ್ತಿದ್ದಳು. ಬಿಡುವಾದಾಗ ಬಂದು ಬಾಗಿಲಲ್ಲಿ ಕೂತು "ಇವತ್ತೇನಂದ್ರು?" ಎಂದು ಕೇಳುತ್ತಿದ್ದಳು. "ಮುಂದಕ್ಕೆ ಹಾಕಿದ್ರು" ಎನ್ನುತ್ತಿದ್ದೆ. ಊರಲ್ಲಿ ಬೇರೆ ಯಾರೂ ಕೇಳುತ್ತಿರಲಿಲ್ಲ. ನಾನು ಯಾರದೋ ಗುರುತು ಕದ್ದು ಸಿಕ್ಕಿಬಿದ್ದೆ ಎಂದು ಒಂದಿಬ್ಬರು ಅಂಗಡಿಯವರು ಆಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಅದಾದ ಮೇಲೆ ನಾನು ಬಜಾರಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಕೊನೆಗೆ ಆ ಕೋರ್ಟು ತನಗೆ ಈ ದಾವೆ ಕೇಳುವ ಅಧಿಕಾರವಿಲ್ಲವೆಂದು ಕಂಪನಿಗೆ ದಾವೆಯನ್ನು ವಾಪಸು ಕೊಟ್ಟಿತು. ಕಂಪನಿ ಮೇಲಿನ ಕೋರ್ಟಿಗೆ ಹೋಯಿತು. ಅದು ಮುಗಿಯುವವರೆಗೆ ಬೀಗ ಮುಟ್ಟುವಂತಿರಲಿಲ್ಲ. ಮೇಲಿನ ಕೋರ್ಟೂ ಅದನ್ನೇ ಹೇಳಿತು, ಹನ್ನೆರಡು ಪುಟಗಳಲ್ಲಿ. ಕೋಲಾರದ ವಕೀಲರು ಅದನ್ನು ಅಚ್ಚು ಮಾಡಿಸಿ ಕೊಟ್ಟರು. ನಿಘಂಟು ಹಿಡಿದುಕೊಂಡು ನಾಲ್ಕು ದಿನ ಓದಿದೆ. ಅದರಲ್ಲಿ ನಾನು ಕರ್ನಾಟಕದ ಪಟ್ಟಣವೊಂದರ ಸಣ್ಣ ತಯಾರಕ. ಗಿಣಿಯನ್ನು ಉದ್ದಕ್ಕೂ 'ಡಿವೈಸ್', ಅಂದರೆ ಗುರುತಿನ ಚಿತ್ರ, ಎಂದು ಕರೆದಿದ್ದರು. ಆ ಡಿವೈಸ್ ಯಾರದೆಂಬ ಬಗ್ಗೆ ತಾವು ಯಾವ ಅಭಿಪ್ರಾಯವನ್ನೂ ಹೇಳುತ್ತಿಲ್ಲ ಎಂದು ಕೊನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದರು.

"ಗೆದ್ರಿ ಸ್ವಾಮಿ," ಎಂದರು ವಕೀಲರು.

"ಏನನ್ನ?" ಎಂದು ಕೇಳಿದೆ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಕಾನ್‌ಸ್ಟೇಬಲ್ಲನ ಎದುರಿನಲ್ಲಿ ಅರಗು ಒಡೆದು ಬಾಗಿಲು ತೆಗೆದ ದಿನ ಹಿರಿಯಳೂ ಬಂದಿದ್ದಳು. ಮೊದಲು ಬಂದದ್ದು ಕಮಟು ಎಣ್ಣೆಯ ವಾಸನೆ. ಮುಚ್ಚಳಗಳು ಉಬ್ಬಿದ್ದವು, ಕೆಲವು ಹಾರಿ ಹೋಗಿದ್ದವು. ಸೋರಿದ ಎಣ್ಣೆ ಲೇಬಲ್ಲಿನ ಕಟ್ಟುಗಳಿಗೆ ಇಳಿದು ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಇಲಿ ಕಡಿದದ್ದೂ ಇತ್ತು. ನನ್ನ ಹೆಂಡತಿ ತನ್ನ ಕೈಯಾರೆ ಕಲಸಿದ ಕೊನೆಯ ವರ್ಷದ ತೊಕ್ಕಿನ ಆರು ಬಾಟಲಿಗಳನ್ನು ನಾನು ಮಾರದೆ ಉಳಿಸಿಕೊಂಡಿದ್ದೆ. ಕಮಿಷನರ್ ಪಟ್ಟಿ ಮಾಡುವಾಗ ಅವನ್ನು ಬೇರೆ ಇಡಿ ಎಂದು ಕೇಳಲು ನನಗೆ ಬಾಯಿ ಬಂದಿರಲಿಲ್ಲ. ಅವೂ ಉಳಿದವುಗಳ ಜೊತೆ ಕೆಟ್ಟಿದ್ದವು. ಯಾವ ಆರು ಎಂದು ಹುಡುಕುತ್ತಾ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

"ಅಣ್ಣಾ, ಲೇವಂಡಿ, ಏಳಿ. ನೀವ್ ಆಚೆ ಹೋಗಿ. ನಾನ್ ನೋಡ್ಕೋತೀನಿ," ಎಂದು ಹಿರಿಯಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಹಳ್ಳ ತೋಡಿ ಎಲ್ಲವನ್ನೂ ಸುರಿದದ್ದು ಅವಳೇ.

ಎರಡು ತಿಂಗಳಿಗೆ ಕಂಪನಿ ಅದೇ ದಾವೆಯನ್ನು ಕೋಲಾರದ ಜಿಲ್ಲಾ ನ್ಯಾಯಾಲಯಕ್ಕೆ ತಂದಿತು. ಅಲ್ಲಿ ಮೊದಲು ಮಧ್ಯಸ್ಥಿಕೆಗೆ ಕಳಿಸಿದರು. ಒಂದು ಚಿಕ್ಕ ಕೋಣೆ, ದುಂಡು ಮೇಜು, ನಿವೃತ್ತಿಯ ಅಂಚಿನಲ್ಲಿದ್ದ ಮಧ್ಯಸ್ಥೆ ಒಬ್ಬರು. ಬೆಂಗಳೂರಿನಿಂದ ಕಂಪನಿಯ ಅಧಿಕಾರಿ ಬಂದಿದ್ದ. ಮಧ್ಯಸ್ಥೆ ಎರಡು ಚಿತ್ರಗಳನ್ನೂ ಮುಂದಿಟ್ಟುಕೊಂಡು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಈ ಗಿಣಿ ಯಾರ್ರೀ ಬರೆದದ್ದು?"

ಇಷ್ಟು ವರ್ಷ ಕಾದಿದ್ದ ಪ್ರಶ್ನೆ. ಅವರು ಅವಸರಪಡಿಸಲಿಲ್ಲ. ನೀರಿನ ಲೋಟ ನನ್ನ ಕಡೆ ಸರಿಸಿದರು. ನೀರು ಕುಡಿದು ಎಲ್ಲ ಹೇಳಿದೆ. ಕ್ಯಾಲೆಂಡರಿನ ಹಿಂಬದಿ, ಕಾಗೆಯ ಮಾತು, ಕಾಮಾಲೆ, ಆ ಹನ್ನೊಂದು ದಿನ. ಕೇಸಿಗೆ ಬೇಕಿಲ್ಲದ್ದನ್ನೂ ಹೇಳಿದೆ. ಕಂಪನಿಯ ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳುತ್ತಿದ್ದ. "ನಮ್ಮ ಮನೇಲೂ ಗಿಣಿಮೂತಿ ಅಂದ್ರೆ ತುಂಬಾ ಇಷ್ಟ ಸರ್" ಎಂದ.

ಸಂಜೆಯ ಹೊತ್ತಿಗೆ ಒಪ್ಪಂದವಾಯಿತು. ನಾನು ಗಿಣಿ ಬಿಡುವುದು, ಅವರು ಪರಿಹಾರದ ಮಾತೆತ್ತದಿರುವುದು, ಗಿಣಿಮೂತಿ ಎಂಬ ಕಾಯಿಯ ಹೆಸರು ಎಲ್ಲರದೂ ಆದ್ದರಿಂದ ಅದು ನನ್ನ ಲೇಬಲ್ಲಿನಲ್ಲಿ ಉಳಿಯುವುದು. ಹೋರಾಡಿದ್ದರೆ ಗಿಣಿ ಉಳಿಯುತ್ತಿತ್ತೇನೋ. ಬೀಗ ತೆಗೆದ ದಿನದ ಮೇಲೆ ನನಗೆ ಆ ಹಟವಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ, ಆಕೆಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ, ಮನೆಯಲ್ಲಿ ಕಾಯುತ್ತಿದ್ದಾಳೆ ಎನ್ನುವಂತೆ. ಶ್ರೀನಿವಾಸಪುರ ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರು ಕೂಗಿ ಇಳಿಸಿದ.

ಮಾಲೂರಿನ ಪ್ರೆಸ್ಸಿನವರು ಹೊಸ ಲೇಬಲ್ ಮಾಡಿಕೊಟ್ಟರು. ಬರೀ ಕಾಯಿ, ಕೊಕ್ಕಿನಂಥ ತುದಿ. ಹಿರಿಯಳು ಮಂಡಿ ಬಿಟ್ಟು ವಾಪಸು ಬಂದಳು, ತನ್ನ ಸೊಸೆಯನ್ನೂ ಕರೆದುಕೊಂಡು. ವ್ಯಾಪಾರ ಹಿಂದಿನಷ್ಟಿಲ್ಲ, ನಿಂತೂ ಹೋಗಿಲ್ಲ.

ಹೋದ ಮಳೆಗಾಲದಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ. ತೆಲುಗಿನಲ್ಲಿ, ನೀವೇನಾ ಉಪ್ಪಿನಕಾಯಿ ಕೇಸಿನವರು ಎಂದು ಕೇಳಿದಳು. ಚಿತ್ತೂರಿನ ಕಡೆಯವಳು, ಚಕ್ಕುಲಿ ನಿಪ್ಪಟ್ಟು ಮಾಡಿ ಮಾರುತ್ತಾಳೆ. ಯಾವುದೋ ಕಂಪನಿ ಪ್ಯಾಕೆಟ್ಟಿನ ಬಣ್ಣದ ಬಗ್ಗೆ ಅವಳ ಮೇಲೆ ಮುಂಬೈಯಲ್ಲಿ ದಾವೆ ಹಾಕಿದೆ. ಅವಳ ವಕೀಲರು ಹುಡುಕುವಾಗ ನನ್ನ ಹನ್ನೆರಡು ಪುಟಗಳು ಸಿಕ್ಕಿವೆ. ಅದನ್ನು ಅಲ್ಲಿ ತೋರಿಸುತ್ತಾರಂತೆ. ಬೇರೆ ರಾಜ್ಯದ ಕೋರ್ಟಿನದಾದ್ದರಿಂದ ಒಪ್ಪಲೇಬೇಕೆಂದಿಲ್ಲ, ಆದರೆ ಓದಿ ನೋಡುತ್ತಾರೆ ಎಂದಿದ್ದಾರೆ. ನನ್ನ ನಂಬರನ್ನು ಅವಳು ಬಾಟಲಿಯ ಮೇಲಿಂದ ತೆಗೆದುಕೊಂಡಿದ್ದಳು. ತೀರ್ಪು ಓದಿಸಿಕೊಂಡ ಮೇಲೆ, ಮದನಪಲ್ಲಿಯ ಅಂಗಡಿಯಲ್ಲಿ ಹುಡುಕಿ ನನ್ನ ತೊಕ್ಕು ಕೊಂಡು ತಂದಿದ್ದಳಂತೆ. "ಚೆನ್ನಾಗಿದೆ. ಉಪ್ಪು ಒಂಚೂರು ಮುಂದು" ಎಂದಳು.

ಕಾನೂನಿನ ವಿಷಯ ಅವಳು ಕೇಳಲೇ ಇಲ್ಲ. ಅಲ್ಲಿ ಎಲ್ಲಿ ಕೂರಬೇಕು, ಹೆಸರು ಕೂಗುತ್ತಾರಾ, ಒಬ್ಬಳೇ ಹೋದರೆ ಯಾರಾದರೂ ಏನಾದರೂ ಅನ್ನುತ್ತಾರಾ, ಊರವರಿಗೆ ಏನೆಂದು ಹೇಳಿದಿರಿ, ಇದನ್ನೆಲ್ಲ ಕೇಳಿದಳು. ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಪರದೆಯ ಅಂಕಿ ನೋಡುತ್ತಿರಿ, ಊಟ ಕಟ್ಟಿಕೊಂಡು ಹೋಗಿ, ನ್ಯಾಯಾಧೀಶರು ನಿಮ್ಮನ್ನು ಏನೂ ಕೇಳದಿದ್ದರೆ ಬೇಜಾರಾಗಬೇಡಿ ಎಂದೆ. ಮಾತು ಮುಗಿಸಿ ನೋಡಿದರೆ ಒಂದು ಗಂಟೆಯಾಗಿತ್ತು. ಆ ಶೆಡ್ಡಿನಲ್ಲಿ ಅಷ್ಟು ಹೊತ್ತು ನಾನು ಯಾರೊಂದಿಗಾದರೂ ಮಾತಾಡಿ ಎಷ್ಟು ಕಾಲವಾಗಿತ್ತೋ.

ಅವಳ ತಾರೀಕು ನನಗೆ ನೆನಪಿತ್ತು. ಅವತ್ತು ದಿನವಿಡೀ ಫೋನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಫೋನು ಬರಲಿಲ್ಲ. ಮಾಡುವುದು ಸರಿಯೋ ತಪ್ಪೋ ಎಂದು ಯೋಚಿಸಿ, ಮಾರನೆಯ ದಿನ ಬೆಳಿಗ್ಗೆ ನಾನೇ ಮಾಡಿದೆ. ಅವಳು ರೈಲಿನಲ್ಲಿದ್ದಳು. ಗದ್ದಲದ ನಡುವೆ ಏನಾಯಿತು ಎಂದು ಎರಡು ಸಲ ಕೂಗಿ ಕೇಳಿದೆ.

"ವಾಯಿದಾ ಪಡಿಂದಿ ಅಣ್ಣಾ," ಎಂದು ಅವಳೂ ಕೂಗಿದಳು. ಮುಂದಕ್ಕೆ ಹಾಕಿದರಂತೆ. ಇಬ್ಬರೂ ನಕ್ಕೆವು. ಆಮೇಲೆ ಸುರಂಗವೋ ಏನೋ, ಫೋನು ಕಡಿದುಹೋಯಿತು.